‘ತಾಳೆ ನೋಡಿ ಕೊಡಮ್ಮ’ ಅಂದರೆ ಏನು?

2024ರ ಆಗಸ್ಟ್. ದಾವಣಗೆರೆಯ ಒಂದು ಆಡಿಟರ್ ಆಫೀಸಿಗೆ ಸೇರಿ ನನಗೆ ಮೂರು ತಿಂಗಳಾಗಿತ್ತು. ವರಮಹಾಲಕ್ಷ್ಮಿ ಹಬ್ಬ ಮುಗಿಸಿಕೊಂಡು 17ಕ್ಕೆ ಕೆಲಸಕ್ಕೆ ಹೋದೆ. ಸರ್ ಒಂದು ಹಾರ್ಡ್‌ವೇರ್ ಅಂಗಡಿಯ ಫೈಲ್ ಕೈಗಿಟ್ಟು, "ಜುಲೈ ಖರೀದಿನ 2ಬಿ ಜೊತೆ ತಾಳೆ ನೋಡಿ ಕೊಡಮ್ಮ. 20ಕ್ಕೆ 3ಬಿ ಹಾಕಬೇಕು" ಅಂದರು. ನಾನು "ಆಯ್ತು ಸರ್" ಅಂದೆ. ನಮ್ಮಿಬ್ಬರ ನಡುವೆ ಆದದ್ದು ಅಷ್ಟೇ ಮಾತು.

ಈ ಲೆಕ್ಕದ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅಂಗಡಿಯವರು ಸರಕು ತರುವಾಗ ಕಟ್ಟಿದ ಜಿಎಸ್‌ಟಿಯನ್ನು, ಮಾರಿದ್ದರ ಮೇಲೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಉಳಿದದ್ದನ್ನಷ್ಟೇ ಕಟ್ಟಬಹುದು. ಹಾಗೆ ಕಳೆಯುವ ಮೊತ್ತಕ್ಕೆ ಕ್ರೆಡಿಟ್ ಅಂತಾರೆ. ಆದರೆ ಸರಕು ಕೊಟ್ಟವರು ಆ ಬಿಲ್ಲನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿರಬೇಕು. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮುಂದಿನ ತಿಂಗಳ 11 ಕೊನೆಯ ದಿನ. ಹಾಗೆ ತೋರಿಸಿದ ಬಿಲ್ಲುಗಳ ಪಟ್ಟಿ 14ಕ್ಕೆ ಪೋರ್ಟಲ್‌ನಲ್ಲಿ ಬರುತ್ತದೆ. ಅದೇ 2ಬಿ. ಈ ಲೆಕ್ಕವೆಲ್ಲ ತೋರಿಸಿ ತೆರಿಗೆ ಕಟ್ಟುವ ರಿಟರ್ನ್ 3ಬಿ. 2022ರಿಂದ, 2ಬಿಯಲ್ಲಿ ಇಲ್ಲದ ಬಿಲ್ಲಿಗೆ ಕ್ರೆಡಿಟ್ ಸಿಗುವುದಿಲ್ಲ.

ಭಾನುವಾರವೂ ಹೋಗಿ ಕೂತೆ. 312 ಬಿಲ್. ಸಿಕ್ಕಿದ್ದಕ್ಕೆ ಹಸಿರು, ಸಿಗದ್ದಕ್ಕೆ ಕೆಂಪು. ಕೊನೆಗೆ 47 ಕೆಂಪು ಸಾಲು ಉಳಿದವು. ಕೆಳಗೆ ಎರಡೂ ಕಡೆಯ ಒಟ್ಟು ಮೊತ್ತ, ಅದರ ಕೆಳಗೆ ವ್ಯತ್ಯಾಸ. 19ರ ಸಂಜೆ ಶೀಟ್ ತೆರೆದು ಸರ್‌ಗೆ ತೋರಿಸಿದೆ.

ಅವರು ಬಯ್ಯಲಿಲ್ಲ. ಒಂದೇ ಮಾತು ಕೇಳಿದರು. "ಇದನ್ನ ಈಗ ಅಂಗಡಿಯವರಿಗೆ ಕಳಿಸಿದೆ ಅಂದ್ಕೋ. ಅವರು ಯಾರಿಗೆ ಫೋನ್ ಮಾಡಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸರ್‌ಗೆ ಬೇಕಿದ್ದದ್ದು ಬಣ್ಣ ಹಚ್ಚಿದ ಶೀಟ್ ಅಲ್ಲ, ಒಂದು ಚಿಕ್ಕ ಪಟ್ಟಿ. ಯಾವ ಪಾರ್ಟಿ ಬಿಲ್ ತೋರಿಸಿಲ್ಲ, ಅದರ ತೆರಿಗೆ ಎಷ್ಟು, ಯಾಕೆ ತೋರಿಸಿಲ್ಲ. ಅದು ಕೈಗೆ ಸಿಕ್ಕರೆ ಮಾಲೀಕರು ಫೋನ್ ಮಾಡುತ್ತಾರೆ, ಬೇಕಾದರೆ ದುಡ್ಡು ತಡೆಹಿಡಿಯುತ್ತಾರೆ. ಸರ್ ಪ್ರಕಾರ ‘ತಾಳೆ’ ಅಂದರೆ ಅದಿಷ್ಟೂ ಸೇರಿ. ಎಷ್ಟೋ ವರ್ಷ ಅದೇ ಕೆಲಸ ಮಾಡಿದವರಿಗೆ ಅದನ್ನು ಬಿಡಿಸಿ ಹೇಳಬೇಕು ಅಂತ ಹೊಳೆಯುವುದೇ ಇಲ್ಲ. ಕೇಳಬೇಕಾದವಳು ನಾನು. ಕೇಳಿದರೆ ‘ಇಷ್ಟೂ ಗೊತ್ತಿಲ್ವಾ’ ಅಂದುಕೊಳ್ಳುತ್ತಾರೆ ಅನ್ನೋ ಹೆದರಿಕೆಯಲ್ಲಿ ಸುಮ್ಮನಿದ್ದೆ.

ಆ ರಾತ್ರಿ ಇಬ್ಬರೂ ಕೂತು ಕೆಂಪು ಸಾಲುಗಳನ್ನು ಒಂದೊಂದಾಗಿ ನೋಡಿದೆವು. ನಮ್ಮ ಪುಸ್ತಕದಲ್ಲಿ ‘ಎಸ್‌ಟಿ/0457/24-25’, 2ಬಿಯಲ್ಲಿ ಬರೀ ‘457’. ತಾರೀಖು, ಮೊತ್ತ ಎರಡೂ ಒಂದೇ. ನನ್ನ ಎಕ್ಸೆಲ್ ಫಾರ್ಮುಲಾಗೆ ಅವು ಬೇರೆ ಬೇರೆ ಬಿಲ್. ಇಂಥವೇ 30 ಇದ್ದವು. ನಿಜವಾಗಿ ಬರದೇ ಇದ್ದದ್ದು 17. ಅದರಲ್ಲೂ 11 ಬಿಲ್ ಪೈಪ್ ಫಿಟಿಂಗ್ ಕೊಡುವ ಒಬ್ಬನೇ ಪಾರ್ಟಿಯದ್ದು. ಪೋರ್ಟಲ್‌ನಲ್ಲಿ ಅವನ ಜಿಎಸ್‌ಟಿ ನಂಬರ್ ಹಾಕಿ ನೋಡಿದರೆ, ಅವನು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವನು. ಅವನಿಂದ ಮೋಸ ಏನೂ ಆಗಿರಲಿಲ್ಲ. ವರ್ಷಕ್ಕೆ 5 ಕೋಟಿವರೆಗಿನ ವ್ಯಾಪಾರಿಗಳಿಗೆ ಹಾಗೆ ಮಾಡಲು ಅವಕಾಶವಿದೆ. ಆದರೆ ಅಂಗಡಿಯವರಿಗೆ ಆ ತಿಂಗಳು ಆ ಕ್ರೆಡಿಟ್ ಇಲ್ಲ. ಅಷ್ಟು ತೆರಿಗೆಯನ್ನು ಕೈಯಿಂದ ಕಟ್ಟಬೇಕಾಯಿತು. 17ಕ್ಕೇ ಗೊತ್ತಾಗಿದ್ದರೂ ಅದು ತಪ್ಪುತ್ತಿರಲಿಲ್ಲ, ನಿಜ. ಆದರೆ ದುಡ್ಡು ಹೊಂದಿಸಿಕೊಳ್ಳಲು ಅವರಿಗೆ ಮೂರು ದಿನ ಸಿಗುತ್ತಿತ್ತು. ನಾನು ಕೊಟ್ಟದ್ದು ಒಂದು ರಾತ್ರಿ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲಿಂದ ಕೆಲಸ ಕೈಗೆ ಬಂದ ತಕ್ಷಣ ಕಂಪ್ಯೂಟರ್ ಮುಟ್ಟುವುದಿಲ್ಲ. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತೇನೆ. ನಾನು ಮಾಡಿದ್ದನ್ನು ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ, ಯಾವತ್ತಿಗೆ. ಅದನ್ನು ಹಾಗೇ ಸರ್ ಮುಂದೆ ಓದುತ್ತೇನೆ. "ಸರ್, ಫೋನ್ ಮಾಡೋಕೆ ಪಟ್ಟಿ ಬೇಕಲ್ವಾ?" ಅಂತ ಕೇಳಲು ಅರ್ಧ ನಿಮಿಷ ಸಾಕು. ಎಷ್ಟೋ ಸಲ ಅವರು, "ಅಲ್ಲಮ್ಮ, ಇದು ಬ್ಯಾಂಕ್ ಸಾಲಕ್ಕೆ" ಅನ್ನುತ್ತಾರೆ. ಆಗ ಕೆಲಸವೇ ಬೇರೆ ಆಗಿಬಿಡುತ್ತದೆ. ಇನ್ನೊಂದು ರೂಢಿಯೂ ಬಂತು. ಮೊದಲ ಹತ್ತು ಸಾಲು ಮಾಡಿ ತೋರಿಸುತ್ತೇನೆ. ‘0457’ ತರದ್ದು ಹತ್ತು ಸಾಲಿನಲ್ಲೇ ಸಿಕ್ಕಿಬೀಳುತ್ತದೆ. ಮೂರು ಕೆಲಸ ಒಟ್ಟಿಗೆ ಬಂದರೆ ತಲೆಕೆಡಿಸಿಕೊಳ್ಳುವುದಿಲ್ಲ, ಯಾವುದು ಮೊದಲು ಅಂತ ಕೊಟ್ಟವರನ್ನೇ ಕೇಳುತ್ತೇನೆ.

ಪೈಪ್ ಪಾರ್ಟಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಕೂಡ ತ್ರೈಮಾಸಿಕದ ಮೊದಲ ಎರಡು ತಿಂಗಳ ಬಿಲ್ಲುಗಳನ್ನು ಮುಂದಿನ ತಿಂಗಳ 13ರೊಳಗೆ ಪೋರ್ಟಲ್‌ಗೆ ಏರಿಸಬಹುದು. ಅದಕ್ಕೆ ಐಎಫ್‌ಎಫ್ ಅಂತಾರೆ. ಸೆಪ್ಟೆಂಬರ್ ಮೊದಲ ವಾರದಲ್ಲೇ ಒಂದು ಪುಟದ ಪಟ್ಟಿ ಮಾಡಿ ಅಂಗಡಿಯವರಿಗೆ ಕಳಿಸಿದೆ. ಅವರು ಫೋನ್ ಮಾಡಿದರು. 14ಕ್ಕೆ 2ಬಿ ತೆರೆದಾಗ ಆಗಸ್ಟಿನ ಬಿಲ್ಲುಗಳ ಜೊತೆಗೆ ಜುಲೈನ ಆ 11 ಬಿಲ್ಲುಗಳೂ ಬಂದಿದ್ದವು. ಒಂದೊಂದನ್ನೇ ಎಣಿಸಿ, ಸರ್ ಟೇಬಲ್ ಹತ್ತಿರ ಹೋಗಿ ಹೇಳಿದೆ.