ಮೇಷ್ಟ್ರು ಕೇಳುತ್ತಿದ್ದ ‘ಏನನ್ನು?’

ಇಂಗ್ಲಿಷ್ ಕ್ರಿಯಾಪದಗಳ ಗೋಜಲನ್ನು ನಮಗೆ ಬಿಡಿಸಿಕೊಟ್ಟವರು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಬಿಡಿಸಿದ್ದು ಕನ್ನಡ ವ್ಯಾಕರಣದಿಂದ. ಐದನೇ ತರಗತಿಯಲ್ಲಿ ಎಬಿಸಿಡಿ ಶುರು ಮಾಡಿದ್ದ ಕನ್ನಡ ಮಾಧ್ಯಮದ ನಮಗೆ ರೈಸ್ (rise), ರೇಝ್ (raise) ಎರಡೂ ಒಂದೇ ಥರ ಕೇಳಿಸುತ್ತಿದ್ದವು. ಲೈ (lie), ಲೇ (lay) ಎರಡಂತೂ ಬಾಯಿಪಾಠ ಮಾಡಿದಷ್ಟೂ ಕಲಸಿಹೋಗುತ್ತಿದ್ದವು.

ಮೇಷ್ಟ್ರು ಬೋರ್ಡಿನ ಮೇಲೆ ಮೊದಲು ಬರೆದದ್ದು ಏರು–ಏರಿಸು, ಮಲಗು–ಮಲಗಿಸು, ಕೂರು–ಕೂರಿಸು. “ಏನನ್ನು, ಯಾರನ್ನು ಅಂತ ಕೇಳ್ರೋ. ಉತ್ತರ ಬಂದ್ರೆ ಸಕರ್ಮಕ, ಬರದಿದ್ರೆ ಅಕರ್ಮಕ. ಕನ್ನಡ ಪಂಡಿತರು ಆಗಲೇ ಹೇಳಿಕೊಟ್ಟಿದ್ದಾರಲ್ಲ?” ಎಂದರು. ಬೆಲೆ ಏರಿತು: ರೈಸ್, ರೋಸ್, ರಿಸನ್. ಏರಿಸಿದರು, ಏನನ್ನು? ಬೆಲೆಯನ್ನು. ಹಾಗಾದರೆ ರೇಝ್, ರೇಝ್ಡ್, ರೇಝ್ಡ್.

ಲೈ–ಲೇ ಜೋಡಿಗೆ ಇಡೀ ಪೀರಿಯಡ್ ಕೊಟ್ಟರು. ಕೊಡಲೇಬೇಕಿತ್ತು. ಮಲಗುವ, ಬಿದ್ದಿರುವ ಅರ್ಥದ ಲೈಗೆ ಭೂತಕಾಲ ಲೇ, ಆಮೇಲೆ ಲೇನ್. ಇಡುವ ಅರ್ಥದ ಲೇಗೆ ಲೇಡ್, ಲೇಡ್. ಒಂದರ ಭೂತಕಾಲವೇ ಇನ್ನೊಂದರ ಮೂಲರೂಪ. ತೊಡಕೆಲ್ಲ ಇರುವುದು ಇಲ್ಲೇ. ಸಾಲದ್ದಕ್ಕೆ ಸುಳ್ಳು ಹೇಳುವ ಲೈ ಬೇರೆ. ಅದರ ಭೂತಕಾಲ ಲೈಡ್. ಮೇಷ್ಟ್ರು ಡಸ್ಟರನ್ನು ಮೇಜಿನ ಮೇಲಿಟ್ಟು “ಐ ಲೇಡ್ ದ ಡಸ್ಟರ್ ಹಿಯರ್” ಎಂದರು. ಕೈ ತೆಗೆದು, “ನೌ ಇಟ್ ಲೈಸ್ ಹಿಯರ್.” ಮರುದಿನ ಬಂದವರೇ ಮೇಜಿನ ಅದೇ ಜಾಗ ತೋರಿಸಿ, “ಯೆಸ್ಟರ್‌ಡೇ ಇಟ್ ಲೇ ಹಿಯರ್.” ಸುಣ್ಣದ ಪುಡಿ ಇನ್ನೂ ಅಲ್ಲೇ ಅಂಟಿತ್ತು.

ನಮ್ಮ ‘ಇಸು’ವಿನಂಥ ಪ್ರತ್ಯಯ ಇಂಗ್ಲಿಷಿನ ಪೂರ್ವಜ ಜರ್ಮ್ಯಾನಿಕ್ ಭಾಷೆಯಲ್ಲೂ ಇತ್ತೆಂದು ಕಾಲೇಜಿನಲ್ಲಿ ಓದಿದಾಗ ನನಗೆ ರೋಮಾಂಚನವಾಯಿತು. ಪ್ರತ್ಯಯ ಸವೆದುಹೋಗಿ ಒಳಗಿನ ಸ್ವರದ ವ್ಯತ್ಯಾಸವಷ್ಟೇ ಉಳಿದಿದೆ: ಸಿಟ್–ಸೆಟ್, ಲೈ–ಲೇ. ಮರ ತಾನೇ ಬಿದ್ದರೆ ಫಾಲ್, ಕಡಿದು ಬೀಳಿಸಿದರೆ ಫೆಲ್. ರೇಝ್ ಮಾತ್ರ ಸ್ಕ್ಯಾಂಡಿನೇವಿಯದವರ ಹಳೆಯ ನಾರ್ಸ್ ಭಾಷೆಯಿಂದ ಬಂದು ಸೇರಿದ್ದು, ಆದರೂ ಅದೇ ಕುಲದ್ದು. ಮೇಷ್ಟ್ರು ಈ ಚರಿತ್ರೆಯನ್ನು ಓದಿದ್ದರೋ ಇಲ್ಲವೋ, ಎರಡು ಭಾಷೆಗಳಲ್ಲೂ ನಡೆಯುವ ಕೆಲಸ ಒಂದೇ ಎಂಬುದನ್ನು ಚೆನ್ನಾಗಿ ಕಂಡುಕೊಂಡಿದ್ದರು. ಕನ್ನಡ ಬಂದರೆ ಇಂಗ್ಲಿಷ್ ಬರುವುದಿಲ್ಲ ಎನ್ನುವವರಿಗೆ ನಾನು ಈಗಲೂ ಆ ಪಾಠವನ್ನೇ ಹೇಳುವುದು.

ಬಾರೋ–ಲೆಂಡ್ ಜೋಡಿಗೆ ‘ಏನನ್ನು’ ಸಾಲದು. ಎರಡೂ ಸಕರ್ಮಕ, ಎರಡಕ್ಕೂ ನಾವು ‘ಸಾಲ’ವನ್ನೇ ಸೇರಿಸುತ್ತೇವೆ. ಅಲ್ಲಿ ಮೇಷ್ಟ್ರು ಪ್ರಶ್ನೆ ಬದಲಿಸಿದರು. ಯಾರಿಂದ ತಗೊಂಡೆ? ಬಾರೋ. ಯಾರಿಗೆ ಕೊಟ್ಟೆ? ಲೆಂಡ್. ನಾನೀಗ ಇಂಗ್ಲಿಷ್ ಪಾಠ ಮಾಡುತ್ತೇನೆ. ನನ್ನ ಮಕ್ಕಳಿಗೂ ಇದೇ ಪ್ರಶ್ನೆಗಳನ್ನು ಕೇಳುತ್ತೇನೆ, ಕನ್ನಡದಲ್ಲೇ.