ಓಮ್ನಿ ಒಳಗಿನ ದೃಶ್ಯ

ಶನಿವಾರ ಬೆಳಗ್ಗೆ ಎಡಿಟಿಂಗ್ ಟೇಬಲ್ಲಿಗೆ ಬಂದ ದೃಶ್ಯ ಇದು. ಶಾಮಿಯಾನ ಬಾಡಿಗೆಗೆ ಕೊಡುವ ಇಬ್ಬರು ಗೆಳೆಯರು, ಮಂಜ ಮತ್ತು ಗೋಪಿ, ಛತ್ರದ ಹೊರಗೆ ಓಮ್ನಿಯಲ್ಲಿ ಕೂತಿದ್ದಾರೆ. ಗೋಪಿ ದುಡ್ಡು ಎಣಿಸುತ್ತಿದ್ದಾನೆ. ಒಂದೇ ತಾರೀಖಿಗೆ ಎರಡು ಮದುವೆಯ ಅಡ್ವಾನ್ಸ್ ಈಸಿಕೊಂಡಿರುವುದನ್ನು ಮಂಜ ಈಗ ಬಾಯಿಬಿಡಬೇಕು. ಮೊದಲ ಜೋಡಣೆಯಲ್ಲಿ ಉದ್ದ 3 ನಿಮಿಷ 40 ಸೆಕೆಂಡ್. ಸ್ಕ್ರಿಪ್ಟ್ ಓದುವಾಗ ಎಲ್ಲರನ್ನೂ ನಗಿಸಿದ್ದ ಮಾತುಗಳು ಪರದೆಯ ಮೇಲೆ ಸಪ್ಪೆಯಾಗಿದ್ದವು.

ಯಾರು ಮಾತಾಡುತ್ತಾರೋ ಅವರ ಮುಖಕ್ಕೇ ಕಟ್ ಬೀಳುತ್ತಿತ್ತು, ತೊಂದರೆ ಅಲ್ಲೇ ಇತ್ತು. ಇಬ್ಬರು ಗೆಳೆಯರ ಕಾಮಿಡಿಯಲ್ಲಿ ನಗು ಹುಟ್ಟುವುದು ಕೇಳಿಸಿಕೊಳ್ಳುವವನ ಮುಖದಲ್ಲಿ. ಮಾತು ಬರೀ ಕಡ್ಡಿ ಗೀರುತ್ತದೆ, ಹೊತ್ತಿಕೊಳ್ಳಬೇಕಾದವನು ಪಕ್ಕದಲ್ಲಿ ಕೂತಿರುತ್ತಾನೆ.

"ಲೋ ಗೋಪಿ, ಇಪ್ಪತ್ತೆಂಟಕ್ಕೆ ಇನ್ನೊಂದು ಪಾರ್ಟಿ ಬಂದಿದ್ರು ಕಣೋ."

"ಆಗಲ್ಲ ಅಂದೆ ತಾನೆ?"

"ಒಳ್ಳೆ ಜನ ಕಣೋ."

ಕೊನೆಯ ಮಾತು ಬರುವಾಗ ಮಂಜನನ್ನು ತೋರಿಸಿದರೆ ಅದು ಬರೀ ನುಣುಚಿಕೊಳ್ಳುವ ಉತ್ತರ. ಅದೇ ಮಾತನ್ನು ಗೋಪಿಯ ಮುಖದ ಮೇಲೆ ಕೇಳಿಸಿದೆವು. ನೋಟು ಎಣಿಸುತ್ತಿದ್ದ ಬೆರಳು ನಿಲ್ಲುತ್ತದೆ. ಅವನು ತಲೆ ಎತ್ತುವುದಿಲ್ಲ, ಲೆಕ್ಕ ತಪ್ಪಿತೆಂದು ಮತ್ತೆ ಒಂದರಿಂದ ಶುರು ಮಾಡುತ್ತಾನೆ. ಅರ್ಥವಾದದ್ದನ್ನು ಅರ್ಥವಾಗಿಲ್ಲ ಎಂದು ತನ್ನನ್ನು ತಾನೇ ನಂಬಿಸಿಕೊಳ್ಳುತ್ತಿರುವ ಮನುಷ್ಯ ಅಲ್ಲಿ ಕಾಣುತ್ತಾನೆ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಆ ಬೆರಳು ನಿಲ್ಲುವುದಕ್ಕೆ 20 ಫ್ರೇಮು ಬಿಟ್ಟೆವು. 10 ಇದ್ದಾಗ ಕಣ್ಣಿಗೆ ಬೀಳಲಿಲ್ಲ, 40 ಇದ್ದಾಗ "ಈಗ ನಗಿ" ಎಂದು ಹೇಳಿದಂತಾಯಿತು.

ಇದೆಲ್ಲ ಸಾಧ್ಯವಾದದ್ದು ಶೂಟಿಂಗಿನಲ್ಲಿ ಎರಡು ಕ್ಯಾಮೆರಾ ಒಟ್ಟಿಗೆ ಓಡಿದ್ದರಿಂದ. ಒಬ್ಬೊಬ್ಬರನ್ನೇ ಬೇರೆ ಬೇರೆ ಚಿತ್ರೀಕರಿಸಿದರೆ, ನಟ ಸ್ಥಳದಲ್ಲೇ ಹುಟ್ಟಿಸಿದ ಮಾತಿಗೆ ಎದುರಿನವನು ನಿಜವಾಗಿ ಬೆಚ್ಚಿದ್ದು ಸಿಗುವುದಿಲ್ಲ. ಆಮೇಲೆ ಅದನ್ನು ಮತ್ತೆ ಮಾಡಿಸಿದರೆ ನಟನೆ ಗೊತ್ತಾಗಿಬಿಡುತ್ತದೆ. ಎರಡು ಕ್ಯಾಮೆರಾ ಓಡಿಸುವುದಕ್ಕೂ ಬೆಲೆ ತೆರಬೇಕು. ಒಂದರ ಫ್ರೇಮಿನಲ್ಲಿ ಇನ್ನೊಂದು ಕಾಣಬಾರದು, ಇಬ್ಬರ ಮುಖಕ್ಕೂ ಒಂದೇ ಲೈಟಿಂಗ್ ಸಾಕಾಗಬೇಕು, ಆದ್ದರಿಂದ ಬೆಳಕು ಸ್ವಲ್ಪ ಚಪ್ಪಟೆಯಾಗುತ್ತದೆ. ಧ್ವನಿಗೆ ಇಬ್ಬರಿಗೂ ಅಂಗಿಗೆ ಸಿಕ್ಕಿಸುವ ಪ್ರತ್ಯೇಕ ಲೇಪಲ್ ಮೈಕ್, ಪ್ರತ್ಯೇಕ ಟ್ರ್ಯಾಕ್ ಬೇಕೇ ಬೇಕು. ಗೆಳೆಯರು ಮಾತಿನ ಮೇಲೆ ಮಾತು ಹಾಕುತ್ತಾರೆ. ಎರಡೂ ಒಂದೇ ಟ್ರ್ಯಾಕಿನಲ್ಲಿ ಬೆರೆತರೆ ಕತ್ತರಿಸಲು ಜಾಗವೇ ಇರುವುದಿಲ್ಲ. ಮೊದಲು ಬರೆದದ್ದನ್ನು ಬರೆದಂತೆ ಮುಗಿಸಿ, ಆಮೇಲೆ ಒಂದು ಟೇಕಿನಲ್ಲಿ ನಟರನ್ನು ತೋಚಿದಂತೆ ಆಡಲು ಬಿಡುವುದು ಒಳ್ಳೆಯದು. ಆ ಟೇಕಿನಲ್ಲೂ ದೃಶ್ಯದ ಕೊನೆಯ ಮಾತು ಮಾತ್ರ ಬದಲಾಗಬಾರದು, ಇಲ್ಲದಿದ್ದರೆ ಮುಂದಿನ ದೃಶ್ಯಕ್ಕೆ ಕೊಂಡಿ ತಪ್ಪುತ್ತದೆ.

ಆದರೆ ಹೊಸತನ ಬರೀ ಕಟ್‌ನಿಂದ ಬರುವುದಿಲ್ಲ. ನಮ್ಮಲ್ಲಿ ಬಹಳ ಕಾಲ ಗೆಳೆಯ ಎಂದರೆ ಹೀರೋನನ್ನು ಹೊಗಳುವವನು, ತಲೆಗೆ ಹೊಡೆಸಿಕೊಳ್ಳುವವನು. ಅವನಿಗೆ ಸ್ವಂತ ಆಸೆ ಇರಲಿಲ್ಲ. ಹಾಗಾಗಿ ಅವನಿಗೆ ಕಳೆದುಕೊಳ್ಳುವುದೂ ಏನೂ ಇರಲಿಲ್ಲ. 2012ರಲ್ಲಿ ಫಿಲ್ ಲಾರ್ಡ್ ಮತ್ತು ಕ್ರಿಸ್ಟೋಫರ್ ಮಿಲ್ಲರ್ ನಿರ್ದೇಶಿಸಿದ ಹಾಲಿವುಡ್ ಚಿತ್ರ '21 ಜಂಪ್ ಸ್ಟ್ರೀಟ್' ಇಲ್ಲಿ ಒಳ್ಳೆಯ ಪಾಠ. ಶಾಲೆಯಲ್ಲಿ ಮೂಲೆಗುಂಪಾಗಿದ್ದವನೂ ಮೆರೆದಿದ್ದವನೂ ಪೊಲೀಸರಾಗಿ, ವೇಷ ಮರೆಸಿಕೊಂಡು ಹೈಸ್ಕೂಲಿಗೆ ಹೋಗುತ್ತಾರೆ. ಸುಳ್ಳು ಗುರುತುಗಳು ಅದಲುಬದಲಾಗಿ ಮೆರೆದಿದ್ದ ಆಟಗಾರ (ಚಾನಿಂಗ್ ಟೇಟಮ್) ಕೆಮಿಸ್ಟ್ರಿ ಕ್ಲಾಸಿಗೆ, ಮೂಲೆಗುಂಪಾಗಿದ್ದವನು (ಜೋನಾ ಹಿಲ್) ನಾಟಕಕ್ಕೆ. ಮಕ್ಕಳ ಲೋಕವೂ ಬದಲಾಗಿದೆ, ಒರಟುತನಕ್ಕೆ ಈಗ ಬೆಲೆಯಿಲ್ಲ. ಮೇಲಿದ್ದವನು ಕೆಳಗೆ ಬಂದಾಗ ಗೆಳೆತನಕ್ಕೇ ಕುತ್ತು. ಅಲ್ಲಿಂದಾಚೆ ಪ್ರತಿ ಜೋಕಿಗೂ ಎರಡನೇ ಕೆಲಸ ಇರುತ್ತದೆ, ಒಬ್ಬನಿಗೆ ನೋವಾಗುತ್ತದೆ.

ನಮ್ಮ ದೃಶ್ಯದಲ್ಲೂ ತಿರುವು ಇತ್ತು, ತಡವಾಗಿ ಬರುತ್ತಿತ್ತು. ಮಂಜನಿಗೆ ಬೈಯುತ್ತಾ ಬೈಯುತ್ತಾ ಗೋಪಿ, ಅದೇ ತಾರೀಖಿಗೆ ತಾನೂ ಮೂರನೇ ಅಡ್ವಾನ್ಸ್ ತೆಗೆದುಕೊಂಡಿರುವುದನ್ನು ಬಾಯಿಬಿಡುತ್ತಾನೆ. ಅದನ್ನು ಸುಮಾರು ನಡುವಿಗೆ ತಂದೆವು. ಅಲ್ಲಿಂದ ಕ್ಯಾಮೆರಾ ಮಂಜನ ಮುಖ ಬಿಡುವುದಿಲ್ಲ, ಈಗ ಕೇಳುವವನು ಅವನು. ಹೊಟ್ಟೆ, ಮೈಬಣ್ಣ ಹಿಡಿದು ಆಡಿದ ಬೈಗುಳಗಳು ಪೂರ್ತಿ ಹೋದವು. ಅಂಥ ಮಾತು ಯಾರಿಗಾದರೂ ಯಾರಾದರೂ ಅನ್ನಬಹುದು, ಅದರಲ್ಲಿ ಈ ಇಬ್ಬರ ಇಪ್ಪತ್ತು ವರ್ಷದ ಒಡನಾಟ ಇರುವುದಿಲ್ಲ. "ನಿಮ್ಮಪ್ಪ ನಿಂಗೆ ಅಂಗಡಿ ಬೀಗದ ಕೈ ಯಾಕೆ ಕೊಡಲಿಲ್ಲ ಅಂತ ಈಗ ಗೊತ್ತಾಯ್ತು" ಎಂಬುದು ಉಳಿಯಿತು. ಅದನ್ನು ಗೋಪಿ ಮಾತ್ರ ಹೇಳಬಲ್ಲ.

ಓಮ್ನಿಯ ಜಾರುವ ಬಾಗಿಲಿನ ಬಗ್ಗೆ ವಾದ ದೊಡ್ಡದಾಯಿತು. ಒಳಗಿಂದ ಅದು ತೆಗೆಯಲು ಬರುವುದಿಲ್ಲ, ಹಿಂದಿನ ದೃಶ್ಯಗಳಲ್ಲಿ ಎರಡು ಸಲ ತೋರಿಸಿಯಾಗಿದೆ. ಸಿಟ್ಟಾದ ಗೋಪಿ ಇಳಿಯಲು ಹೋಗಿ ಸಿಕ್ಕಿಕೊಳ್ಳುವುದು ಪ್ರೇಕ್ಷಕ ಮೊದಲೇ ಊಹಿಸುವ ಮೂರನೇ ಸಲ. ಮೇಲೆ ಹೇಳಿದ ಚಿತ್ರದ ಹೆದ್ದಾರಿ ಬೆನ್ನಟ್ಟುವಿಕೆಯಲ್ಲಿ ಸಿಡಿಯಲೇಬೇಕಾದ ಟ್ಯಾಂಕರ್ ಸಿಡಿಯುವುದಿಲ್ಲ, ಆಮೇಲೆ ಕೋಳಿ ತುಂಬಿದ ಲಾರಿ ಸಿಡಿಯುತ್ತದೆ. ನಿರೀಕ್ಷೆಯನ್ನು ಕಟ್ಟಿ, ಈಡೇರಿಸಬೇಕಾದಲ್ಲಿ ಈಡೇರಿಸದೆ ಬೇರೆಡೆ ಈಡೇರಿಸುವುದು ಅಲ್ಲಿನ ಗುಟ್ಟು. ನಮ್ಮಲ್ಲಿ ಬಾಗಿಲು ಸಲೀಸಾಗಿ ತೆರೆದುಕೊಳ್ಳುತ್ತದೆ, ಹೊರಗೆ ಎರಡನೇ ಮದುವೆಯ ಹೆಣ್ಣಿನ ತಂದೆ ನಿಂತಿದ್ದಾರೆ. ಆ ಟೇಕ್ ಸಿಕ್ಕಿದ್ದು ಪುಣ್ಯ, ಅಂದು ಬಾಗಿಲಿಗೆ ಎಣ್ಣೆ ಹಾಕಿದ್ದರು.

ಸಂಜೆ ಚಿತ್ರ ನೋಡಿರದ ಕೆಲವರನ್ನು ಕೂರಿಸಿ ತೋರಿಸಿದಾಗ ಪರದೆ ನೋಡದೆ ಅವರನ್ನೇ ನೋಡಿದೆವು. ಗೋಪಿ ಬಾಯಿಬಿಟ್ಟಾಗ ಬಿದ್ದ ನಗುವಿನಲ್ಲಿ ಮುಂದಿನ ಮಾತು, "ಆ ದುಡ್ಡು ಎಲ್ಲಿ?", ಮುಳುಗಿಹೋಯಿತು. ಕಥೆ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಖಾಲಿ ಜಾಗ ಬಿಟ್ಟರೆ ಥಿಯೇಟರಿಗೆ ಸರಿ, ಒಬ್ಬನೇ ಮೊಬೈಲಿನಲ್ಲಿ ನೋಡುವವನಿಗೆ ಅಲ್ಲಿ ಜೀವ ಹೋದಂತಿರುತ್ತದೆ. ನಟರನ್ನು ತೋಚಿದಂತೆ ಆಡಲು ಬಿಟ್ಟ ಟೇಕಿನಲ್ಲಿ ಮಂಜ ಮಾತಿಲ್ಲದೆ ಗೋಪಿಯ ಕೈಯಿಂದ ನೋಟು ಕಿತ್ತುಕೊಂಡು ತಾನೇ ಎಣಿಸಲು ಶುರು ಮಾಡುವ ಶಾಟ್ ಇತ್ತು. ಅದರಲ್ಲಿ 36 ಫ್ರೇಮು ತೆಗೆದು ಅಲ್ಲಿ ಕೂರಿಸಿ, ಪ್ರಶ್ನೆಯನ್ನು ಅದರಾಚೆಗೆ ತಳ್ಳಿದೆವು. ದೃಶ್ಯ 2 ನಿಮಿಷ 31 ಸೆಕೆಂಡಿಗೆ ನಿಂತಿತು.