ಕೂಡಗಿಯ ಚಿಮಣಿ ಕೆಳಗೆ ಅಣುವಿದ್ಯುತ್ತಿನ ಮಾತು

ಕೂಡಗಿ ಬರುವ ಎಷ್ಟೋ ಮೊದಲೇ ಚಿಮಣಿ ಕಾಣುತ್ತದೆ. ಅಷ್ಟು ಸಪಾಟು ನೆಲ. ಜನವರಿ ತಿಂಗಳು, ಎರಡೂ ಕಡೆ ಎರೆ ಹೊಲದಲ್ಲಿ ಬಿಳಿಜೋಳ ತೆನೆ ಹಾಕಿ ನಿಂತಿತ್ತು. ವಿಜಯಪುರದಿಂದ ಹೊರಟ ನಮ್ಮ ಪ್ಯಾಸೆಂಜರ್ ರೈಲು ಒಂದು ಕಡೆ ನಿಂತು ಕಲ್ಲಿದ್ದಲಿನ ಗೂಡ್ಸ್‌ಗೆ ದಾರಿ ಬಿಟ್ಟಿತು. ಎದುರು ಸೀಟಿನ ಹುಡುಗ ಡಬ್ಬಿ ಎಣಿಸಲು ಶುರು ಮಾಡಿ, ನಡುವೆ ಲೆಕ್ಕ ತಪ್ಪಿ ಕೈಬಿಟ್ಟ.

ಆ ಲೆಕ್ಕ ನೋಡಲೆಂದೇ ನಾನು ಈ ಕಡೆ ಬಂದದ್ದು. ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿಯ ಕೂಡಗಿ ಕಲ್ಲಿದ್ದಲು ಸ್ಥಾವರದಲ್ಲಿ 800 ಮೆಗಾವಾಟ್‌ನ 3 ಘಟಕಗಳಿವೆ, ಒಟ್ಟು 2400. ಎಲ್ಲವೂ ಪೂರ್ತಿ ಓಡಿದರೆ ದಿನಕ್ಕೆ 30,000 ಟನ್ನಿಗೂ ಜಾಸ್ತಿ ಕಲ್ಲಿದ್ದಲು ಬೇಕು. ಒಂದು ಗೂಡ್ಸ್ ರೈಲು ಹೊರುವುದು ಹೆಚ್ಚುಕಮ್ಮಿ 4,000 ಟನ್. ಅಂದರೆ ದಿನವೂ ಏಳೆಂಟು ರೈಲು, ಅದೂ ಜಾರ್ಖಂಡ್‌ನಂಥ ದೂರದ ಗಣಿಗಳಿಂದ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿನಷ್ಟು ಬೂದಿಯೇ ಇರುತ್ತದೆ. ಅದು ಇಲ್ಲೇ ಉಳಿಯುತ್ತದೆ.

ಇದೇ ಕರ್ನಾಟಕದ ಕೈಗಾದಲ್ಲಿ 220 ಮೆಗಾವಾಟ್‌ನ 4 ಅಣು ರಿಯಾಕ್ಟರ್‌ಗಳಿವೆ. ಅಲ್ಲಿ ಇಂಧನ ಅಂದರೆ ಯುರೇನಿಯಂ ತುಂಬಿದ ಕೊಳವೆಗಳ ಕಟ್ಟು. ಅರ್ಧ ಮೀಟರ್ ಉದ್ದ, ಸುಮಾರು 15 ಕೆಜಿ ಯುರೇನಿಯಂ. ಒಂದು ರಿಯಾಕ್ಟರ್‌ಗೆ ದಿನಕ್ಕೆ ಎಂಟರ ಆಸುಪಾಸು ಕಟ್ಟು ಸಾಕು. ನಾಲ್ಕಕ್ಕೂ ಸೇರಿ ಅರ್ಧ ಟನ್. ಓಡುತ್ತಿರುವಾಗಲೇ ಹಳೆಯದನ್ನು ತಳ್ಳಿ ಹೊಸದನ್ನು ತೂರಿಸುವ ಯಂತ್ರವೂ ಇದೆ. ಅದಕ್ಕೇ ಕೈಗಾದ ಮೊದಲ ಘಟಕ ಒಮ್ಮೆಯೂ ನಿಲ್ಲದೆ 962 ದಿನ ಓಡಿ, 2018ರ ಕೊನೆಯಲ್ಲಿ ನಿಂತಿತು. ಆಗ ಅದು ವಿಶ್ವದಾಖಲೆ.

ಹಾಗಾದರೆ ಎಲ್ಲ ಕಡೆ ಅದನ್ನೇ ಕಟ್ಟಬಾರದೇ? ದಿಲ್ಲಿಯ ಯೋಚನೆಯೂ ಅದೇ. 2047ರ ಹೊತ್ತಿಗೆ 100 ಗಿಗಾವಾಟ್ (ಒಂದು ಗಿಗಾವಾಟ್ ಅಂದರೆ 1000 ಮೆಗಾವಾಟ್) ಅಣುವಿದ್ಯುತ್ ಎಂದು 2025ರ ಬಜೆಟ್‌ನಲ್ಲಿ ಹೇಳಿದರು. ಅದೇ ವರ್ಷದ ಕೊನೆಗೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯುವ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಕೂಡಗಿ ನಡೆಸುವ ಎನ್‌ಟಿಪಿಸಿಯೇ ಈಗ ಸರ್ಕಾರದ ಅಣುವಿದ್ಯುತ್ ಕಂಪನಿ ಎನ್‌ಪಿಸಿಐಎಲ್ ಜೊತೆ ಸೇರಿ ರಾಜಸ್ಥಾನದ ಬಾನ್ಸ್‌ವಾಡಾದಲ್ಲಿ 700 ಮೆಗಾವಾಟ್‌ನ 4 ರಿಯಾಕ್ಟರ್ ಕಟ್ಟಲು ಹೊರಟಿದೆ. ಆದರೆ 1969ರಲ್ಲಿ ದೇಶದ ಮೊದಲ ಅಣುಸ್ಥಾವರ ತಾರಾಪುರ ಶುರುವಾದ ಮೇಲೆ ಐವತ್ತಾರು ವರ್ಷಕ್ಕೆ ನಾವು ಮುಟ್ಟಿದ್ದು 9 ಗಿಗಾವಾಟ್‌ಗೂ ಕಡಿಮೆ. ದೇಶದ ಕರೆಂಟಿನಲ್ಲಿ ಅದರ ಪಾಲು ಶೇ 3ರಷ್ಟು. ಉಳಿದ 90ನ್ನು ಇಪ್ಪತ್ತೆರಡು ವರ್ಷದಲ್ಲಿ ಕಟ್ಟುತ್ತೇವೆ ಅಂದರೆ ನಂಬೋದು ಕಷ್ಟ ಅಲ್ವಾ? ಕೈಗಾದ 5 ಮತ್ತು 6ನೇ ಘಟಕಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2017ರಲ್ಲಿ. ಅವು ಇನ್ನೂ ಮುಗಿದಿಲ್ಲ.

ಇಳಿದು ಚಹಾದಂಗಡಿಯಲ್ಲಿ ಕೂತೆ. ಪಕ್ಕದಲ್ಲಿ ಒಬ್ಬ ಹಿರಿಯ ರೈತರು. ಇದೇ ಜಾಗದಲ್ಲಿ ಅಣುಸ್ಥಾವರ ಆಗಿದ್ದರೆ ಎಂದು ಸುಮ್ನೆ ಕೇಳಿದೆ.

"ಇದರ ಬೂದಿ ಕಣ್ಣಿಗರೆ ಕಾಣತೈತಿ. ಅದರದ ಏನ್ ಕಾಣತೈತಿ ಹೇಳ್ರಿ?" ಅಂದರು. ಸ್ವಲ್ಪ ತಡೆದು, "ಮದಲ ನೀರ ಎಲ್ಲಿಂದ ಒಯ್ಯತಾರ ಅದನ್ನ ಕೇಳ್ರಿ" ಎಂದರು.

ಬಳಸಿದ ಇಂಧನವನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿಟ್ಟು ತಣಿಸುತ್ತಾರೆ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು, ಒಪ್ಪಲಿಲ್ಲ. ಒಪ್ಪದಿದ್ದಕ್ಕೆ ಕಾರಣವೂ ಇದೆ. 2014ರ ಜುಲೈನಲ್ಲಿ ಈ ಸ್ಥಾವರ ಬೇಡ ಎಂದು ರೈತರು ಬೀದಿಗಿಳಿದಾಗ ಗೋಲಿಬಾರ್ ಆಗಿತ್ತು. ಅಂಥ ಊರಲ್ಲಿ ಯಾವ ತಂತ್ರಜ್ಞಾನ ಸುರಕ್ಷಿತ ಎಂಬ ಮಾತಿಗಿಂತ, ಅದನ್ನು ಹೇಳುವವರು ಯಾರು ಎಂಬುದೇ ದೊಡ್ಡದು. ಪುಸ್ತಕದ ಲೆಕ್ಕದಲ್ಲಿ ಅಣುವಿದ್ಯುತ್ ಕಲ್ಲಿದ್ದಲಿಗಿಂತ ಎಷ್ಟೋ ಮೇಲು ಅಂತ ನಾನು ಈಗಲೂ ನಂಬುತ್ತೇನೆ. ಚಹಾದಂಗಡಿಯಲ್ಲಿ ಅದು ನಡೆಯಲಿಲ್ಲ.

ಸಂಜೆ ಆಲಮಟ್ಟಿಗೆ ಹೋದೆ. ಸಂಗೀತ ಕಾರಂಜಿಗೆ ಶಾಲಾ ಮಕ್ಕಳ ಬಸ್ಸುಗಳು ಸಾಲಾಗಿ ಬಂದಿದ್ದವು. ನಾನು ಅಣೆಕಟ್ಟಿನ ಕಡೆ ನಡೆದೆ. ಇಲ್ಲಿನ ಜಲವಿದ್ಯುತ್ 290 ಮೆಗಾವಾಟ್, ಅದೂ ನದಿಯಲ್ಲಿ ನೀರಿದ್ದಾಗ. ಕೂಡಗಿಗೆ ನೀರು ಹೋಗುವುದೂ ಈ ಜಲಾಶಯದಿಂದಲೇ.

ಆ ರೈತರ ಪ್ರಶ್ನೆ ಇಲ್ಲಿ ಇನ್ನೂ ಗಟ್ಟಿಯಾಯಿತು. ಕೈಗಾದ ರಿಯಾಕ್ಟರ್‌ಗಳು ಹುಟ್ಟಿಸುವ ಶಾಖದಲ್ಲಿ ಕರೆಂಟಾಗುವುದು ಶೇ 30ಕ್ಕೂ ಕಡಿಮೆ. ತೀರಾ ಹೆಚ್ಚು ಒತ್ತಡದ ಹಬೆಯಲ್ಲಿ ಓಡುವ, ಕೂಡಗಿಯಂಥ ಸೂಪರ್‌ಕ್ರಿಟಿಕಲ್ ಸ್ಥಾವರದಲ್ಲಿ ಶೇ 40ರ ಹತ್ತಿರ. ಮಿಕ್ಕ ಶಾಖದಲ್ಲಿ ಕಲ್ಲಿದ್ದಲಿನದು ಒಂದಿಷ್ಟು ಚಿಮಣಿಯಿಂದ ಹೋಗುತ್ತದೆ. ಅಣುಸ್ಥಾವರಕ್ಕೆ ಚಿಮಣಿ ದಾರಿ ಇಲ್ಲ, ಬಹುತೇಕ ಎಲ್ಲವನ್ನೂ ನೀರೇ ಹೊರಬೇಕು. ಅಂದರೆ ಒಂದು ಯೂನಿಟ್ ಕರೆಂಟಿಗೆ ಅಣುಸ್ಥಾವರವೇ ಜಾಸ್ತಿ ನೀರು ಕೇಳುತ್ತದೆ. ಕೈಗಾಕ್ಕೆ ಕಾಳಿ ನದಿಯ ಕದ್ರಾ ಜಲಾಶಯವಿದೆ, ಘಟ್ಟದ ಮಳೆಯಿದೆ. ಕೂಡಂಕುಳಂ, ತಾರಾಪುರಕ್ಕೆ ಸಮುದ್ರ. ಇಲ್ಲಿ ಆಲಮಟ್ಟಿಯಲ್ಲಿ 519.60 ಮೀಟರ್ ಮಟ್ಟದವರೆಗೆ ತುಂಬಿದರೆ ಸುಮಾರು 123 ಟಿಎಂಸಿ. ಅದರ ಮೇಲೆ ಕಾಲುವೆ, ಕುಡಿಯುವ ನೀರು, ಕೂಡಗಿ ಎಲ್ಲವೂ ಕಣ್ಣಿಟ್ಟಿವೆ. ಅಣೆಕಟ್ಟು ಎತ್ತರಿಸುವ ಜಗಳ ಬೇರೆ.

ಹಾಗಾಗಿ ಅಣುವಿದ್ಯುತ್ ಬೇಕು ಅನ್ನುವ ನಾನೇ ಕೃಷ್ಣೆಯ ದಂಡೆಗೆ ಅದು ಬೇಡ ಅನ್ನುತ್ತೇನೆ. ಕೈಗಾದಲ್ಲಿ ಮೊದಲೇ ಜಾಗವಿದೆ, ನೀರಿದೆ, ಕೆಲಸ ಗೊತ್ತಿರುವ ಜನರಿದ್ದಾರೆ. 5 ಮತ್ತು 6ನೇ ಘಟಕವನ್ನು ಅಲ್ಲಿ ಹೇಳಿದ ಸಮಯಕ್ಕೆ, ಹೇಳಿದ ಖರ್ಚಿನಲ್ಲಿ ಮುಗಿಸಿ ತೋರಿಸಲಿ. 100 ಗಿಗಾವಾಟ್ ಮಾತನ್ನು ಆಮೇಲೆ ಕೇಳೋಣ.